ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು

ಬಂಗಾಳದ ಕಡಲು ಆ ರಾತ್ರಿ ಹುಣ್ಣಿಮೆಯ ಉಬ್ಬರದಲ್ಲಿತ್ತು. 1970ನೆಯ ಇಸವಿ, ನವೆಂಬರ್ 12. ಮೇಘನಾ ನದಿ ಸಮುದ್ರ ಸೇರುವ ಬಾಯಲ್ಲಿ ಚದುರಿಕೊಂಡಿದ್ದ ಭೋಲಾ, ಮನ್‌ಪುರಾ, ಹಾತಿಯಾ ದ್ವೀಪಗಳಲ್ಲಿ ಆಮನ್ ಭತ್ತ ಕೊಯ್ಲಿಗೆ ಬಂದಿತ್ತು. ಕೊಯ್ಲಿನ ಕೂಲಿಗೆಂದು ದೂರದ ಊರುಗಳ ಜನ ಬಂದು ಗುಡಿಸಲು ಹಾಕಿಕೊಂಡಿದ್ದರು. ರಾತ್ರಿ ಬಿದ್ದ ಮೇಲೆ ಚಂಡಮಾರುತವು ಕಡಲನ್ನೇ ಎತ್ತಿ ಆ ತಗ್ಗು ನೆಲದ ಮೇಲೆ ಸುರಿಯಿತು. ಬೆಳಗಾದಾಗ ಭತ್ತವಿರಲಿಲ್ಲ, ದನಗಳಿರಲಿಲ್ಲ, ಊರಿಗೆ ಊರೇ ಇರಲಿಲ್ಲ. ಸತ್ತವರ ಲೆಕ್ಕವನ್ನು ಕೆಲವರು ಮೂರು ಲಕ್ಷ ಎಂದರು, ಕೆಲವರು ಐದು ಲಕ್ಷ ಎಂದರು.

ಢಾಕಾದ ಕಾಲರಾ ಸಂಶೋಧನಾಲಯದಲ್ಲಿದ್ದ ಆಲ್ಫ್ರೆಡ್ ಸಾಮರ್ ಮತ್ತು ವೈಲಿ ಮೋಸ್ಲಿ ಎಂಬ ಇಬ್ಬರು ಅಮೆರಿಕನ್ ವೈದ್ಯರು ಆ ದ್ವೀಪಗಳಿಗೆ ಹೋಗಿ, ಉಳಿದವರನ್ನು ಕೇಳಿ ಕೇಳಿ, ಸತ್ತವರನ್ನು ಎಣಿಸಿದರು. ಬದುಕಿದವರ ಮೈಮೇಲೆ ಅವರಿಗೊಂದು ಗುರುತು ಕಂಡಿತು. ಎದೆ, ತೋಳುಗಳ ಒಳಬದಿ, ತೊಡೆಯ ಒಳಬದಿಗಳಲ್ಲಿ ಚರ್ಮ ಕಿತ್ತುಹೋಗಿತ್ತು. ರಾತ್ರಿಯಿಡೀ ಮರವನ್ನು ತಬ್ಬಿ ನಿಂತವರ ಗಾಯ ಅದು. ಸತ್ತವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹತ್ತು ವರ್ಷ ತುಂಬದ ಮಕ್ಕಳು. ಮರವನ್ನು ತಬ್ಬಿ ಹಿಡಿಯುವಷ್ಟು ಉದ್ದ ಆ ತೋಳುಗಳು ಬೆಳೆದಿರಲಿಲ್ಲ.

ಆ ರಾತ್ರಿಯನ್ನು ಲೋಕ ಕೇಳಿತು, ಮರುಗಿತು. ಆದರೆ ಅದೇ ನಾಡಿನಲ್ಲಿ ಗಾಳಿ ಬೀಸದ ದಿನಗಳಲ್ಲೂ ನೀರು ಮಕ್ಕಳನ್ನು ಒಯ್ಯುತ್ತಲೇ ಇತ್ತು. ಗಂಗೆ, ಬ್ರಹ್ಮಪುತ್ರ, ಮೇಘನಾ ಮೂರೂ ಸೇರಿ ಹೂಳು ಸುರಿದು ಕಟ್ಟಿದ ನೆಲ ಅದು. ವರ್ಷದಲ್ಲಿ ಕೆಲವು ತಿಂಗಳು ಹೊಲ, ಹಾದಿ, ಅಂಗಳ ಎಲ್ಲವೂ ಒಂದೇ ಕೆರೆಯಾಗುತ್ತದೆ. ಅದೇ ನೀರಿನಲ್ಲಿ ಸ್ನಾನ, ಅದರಲ್ಲೇ ಪಾತ್ರೆ, ಅದನ್ನೇ ಕುಡಿಯುವುದು. 1817ರಲ್ಲಿ ಜೆಸ್ಸೋರಿನಲ್ಲಿ ಹೊತ್ತಿದ ಕಾಲರಾ ದೂರದ ನಾಡುಗಳಿಗೆಲ್ಲ ಹಬ್ಬಿದ್ದು ಇಲ್ಲಿಂದಲೇ. ನಾಡು ಬಾಂಗ್ಲಾದೇಶವೆಂಬ ಹೆಸರು ಪಡೆದ ಕಾಲಕ್ಕೆ ಅಲ್ಲಿ ಹುಟ್ಟಿದ ನಾಲ್ಕೈದು ಮಕ್ಕಳಲ್ಲಿ ಒಂದು, ಐದು ವರ್ಷ ತುಂಬುವ ಮೊದಲೇ ಮಣ್ಣು ಸೇರುತ್ತಿತ್ತು. ಅದಕ್ಕೆ ದೊಡ್ಡ ಕಾರಣಗಳಲ್ಲೊಂದು ಭೇದಿ. ಬೆಳಿಗ್ಗೆ ಆಡುತ್ತಿದ್ದ ಕೂಸಿಗೆ ಮಧ್ಯಾಹ್ನ ವಾಂತಿಭೇದಿ, ಸಂಜೆಗೆ ನೆತ್ತಿಯ ಸುಳಿ ಕುಸಿದು ಕಣ್ಣು ಗುಳಿಬಿದ್ದು, ಅತ್ತರೆ ಕಣ್ಣೀರೂ ಬಾರದ ಸ್ಥಿತಿ. ನಸುಕಿನಲ್ಲಿ ಮನೆಯಲ್ಲಿ ಗೋಳು. ಇದಕ್ಕೆ ಹೆಸರಿಡಲು ಯಾವ ಹವಾಮಾನ ಇಲಾಖೆಯೂ ಬರಲಿಲ್ಲ.

ಢಾಕಾದ ಆ ಸಂಶೋಧನಾಲಯ ತೆರೆದದ್ದು 1960ರಲ್ಲಿ. ಮೂರು ವರ್ಷದ ಮೇಲೆ ಅದು ಮತ್ಲಬ್ ಎಂಬ ನದೀಸೀಮೆಯಲ್ಲಿ ತನ್ನ ಶಾಖೆಯನ್ನು ಊರಿತು. ಅಲ್ಲಿ ರಸ್ತೆಯೆಂದರೆ ನದಿಯೇ ಆದ್ದರಿಂದ ಆಸ್ಪತ್ರೆ ದೋಣಿಯ ಮೇಲಿತ್ತು, ರೋಗಿಗಳನ್ನು ತರುವ ಆಂಬುಲೆನ್ಸ್ ಕೂಡ ದೋಣಿಯೇ. ಆ ಕಾಲದಲ್ಲಿ ಕಾಲರಾಕ್ಕೆ ಒಂದೇ ಮದ್ದು ಗೊತ್ತಿತ್ತು: ರಕ್ತನಾಳಕ್ಕೆ ಸೂಜಿ ಚುಚ್ಚಿ ಸಲೈನ್ ಏರಿಸುವುದು. ಮದ್ದು ಒಳ್ಳೆಯದೇ. ಆದರೆ ಅದಕ್ಕೆ ಬಾಟಲಿ ಬೇಕು, ಸೂಜಿ ಬೇಕು, ಚುಚ್ಚಲು ಬಲ್ಲವರು ಬೇಕು, ಎಲ್ಲಕ್ಕೂ ಮೊದಲು ಆಸ್ಪತ್ರೆಯವರೆಗೆ ಮಗು ಬದುಕಿರಬೇಕು. ಈ ನಾಲ್ಕೂ ಕೂಡಿಬಂದ ಮನೆಗಳು ಆ ನಾಡಿನಲ್ಲಿ ಎಷ್ಟಿದ್ದವು?

ಬಾಯಿಂದಲೇ ಕುಡಿಸಿದರೆ ಆಗದೆ? ಈ ಯೋಚನೆ ಹಳೆಯದು. 1953ರಲ್ಲಿ ಕಲಕತ್ತೆಯ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು ಉಪ್ಪು ಮತ್ತು ಗ್ಲೂಕೋಸಿನ ನೀರನ್ನು ಕುಡಿಸಿಯೇ ಸೌಮ್ಯ ರೂಪದ ಕಾಲರಾ ರೋಗಿಗಳನ್ನು ಗುಣಪಡಿಸಿ, ಅದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಲೋಕ ಗಮನಿಸಲಿಲ್ಲ. ಅದು ಏಕೆ ಕೆಲಸ ಮಾಡಿತೆಂಬ ಕಾರಣ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಆ ಗುಟ್ಟನ್ನು ತೆರೆದರು. ಕರುಳಿನ ಗೋಡೆ ಉಪ್ಪನ್ನೂ ಸಕ್ಕರೆಯನ್ನೂ ಜೋಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಅವುಗಳ ಬೆನ್ನಿಗೆ ನೀರೂ ಒಳಹೋಗುತ್ತದೆ. ಕಾಲರಾದ ವಿಷ ಕರುಳನ್ನು ಎಷ್ಟೇ ಕೆಡಿಸಿದರೂ ಈ ಒಂದು ಬಾಗಿಲು ಮುಚ್ಚುವುದಿಲ್ಲ.

ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಎಳೆಯ ವೈದ್ಯರು, ರಫೀಕುಲ್ ಇಸ್ಲಾಂ ಮತ್ತು ಮಜೀದ್ ಮೊಲ್ಲಾ ಎಂಬ ಬಂಗಾಳಿ ಸಂಗಡಿಗರೊಡನೆ ಆ ಬಾಗಿಲನ್ನು ತಟ್ಟಿದರು. ಅವರ ಆಸ್ಪತ್ರೆಯ ಮಂಚವನ್ನು ನೋಡಬೇಕು. ನಡುವೆ ತೂತು ಕೊರೆದ ಕ್ಯಾನ್ವಾಸ್ ಮಂಚ, ತೂತಿನ ಕೆಳಗೆ ಅಳತೆಯ ಬಕೆಟ್. ರೋಗಿಯ ಮೈಯಿಂದ ಎಷ್ಟು ನೀರು ಹೋಯಿತೆಂದು ದಾದಿಯರು ಗಳಿಗೆ ಗಳಿಗೆಗೂ ಅಳೆದು ಬರೆದಿಡುತ್ತಿದ್ದರು. ಹೋದಷ್ಟನ್ನೇ ಮರಳಿ ಕುಡಿಸಬೇಕು ಎಂಬ ಸರಳ ಲೆಕ್ಕ ನಾಲಿನ್‌ಗೆ ಹೊಳೆದದ್ದು ಆ ಬಕೆಟ್ಟಿನಿಂದ. ಅದಕ್ಕೂ ಮುಂಚಿನ ಪ್ರಯತ್ನಗಳು ಸೋತದ್ದು ಈ ಲೆಕ್ಕ ತಪ್ಪಿಯೇ. 1968ರ ಆಗಸ್ಟ್‌ನಲ್ಲಿ ಅವರ ಬರಹ ಪ್ರಕಟವಾಯಿತು. ಗ್ಲೂಕೋಸ್ ಬೆರೆತ ಉಪ್ಪುನೀರು ಕುಡಿಸಿದರೆ ರಕ್ತನಾಳಕ್ಕೆ ಏರಿಸುವ ಸಲೈನಿನಲ್ಲಿ ಐದರಲ್ಲಿ ನಾಲ್ಕು ಪಾಲು ಉಳಿತಾಯವೆಂದು ಅದು ತೋರಿಸಿಕೊಟ್ಟಿತು. ಕಲಕತ್ತೆಯಲ್ಲಿಯೂ ಬೇರೊಂದು ತಂಡ ಇದೇ ದಾರಿಯಲ್ಲಿ ನಡೆಯುತ್ತಿತ್ತು. ಆದರೂ ದೊಡ್ಡ ವೈದ್ಯರು ತಲೆಯಾಡಿಸಲಿಲ್ಲ. ಆಸ್ಪತ್ರೆಯ ಕಣ್ಗಾವಲಿನಲ್ಲಿ ಆಗುವುದು ಬಯಲಿನಲ್ಲಿ ಆಗುವುದೇ ಎಂಬ ಅನುಮಾನ ಅವರದು.

ಬಯಲು ತಾನಾಗಿಯೇ ಬಂದು ಕೇಳಿತು. 1971ರ ಯುದ್ಧದಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಆ ಕಾಲದ ವಲಸೆಗಳಲ್ಲಿ ಬಂದ ನೂರಾರು ಕುಟುಂಬಗಳಿಗೆ ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು. ಇಂದಿಗೂ ಅಲ್ಲಿ ತುಂಗಭದ್ರಾ ಕಾಲುವೆಯ ನೀರುಣ್ಣುವ ಗದ್ದೆಗಳ ನಡುವೆ ಬಂಗಾಳಿ ಮಾತು ಕೇಳುತ್ತದೆ. ಆದರೆ ಗಡಿಯ ಬನಗಾಂವ್ ಶಿಬಿರದಲ್ಲಿ ಆ ಮಳೆಗಾಲ ಸೇರಿದವರಲ್ಲಿ ಎಷ್ಟೋ ಮಂದಿ ಶಿಬಿರವನ್ನು ದಾಟಲೇ ಇಲ್ಲ. ಕಾಲರಾ ಹಬ್ಬಿತ್ತು. ಎರಡು ಕೋಣೆಯ ಆಸ್ಪತ್ರೆ, ಹದಿನಾರು ಮಂಚ. ಕಲಕತ್ತೆಯಿಂದ ಬಂದ ದಿಲೀಪ್ ಮಹಾಲನಬೀಸ್ ಎಂಬ ಮಕ್ಕಳ ವೈದ್ಯರು, ವಾಂತಿಭೇದಿಯಿಂದ ತೊಯ್ದ ನೆಲದ ಮೇಲೆ ಮೊಣಕಾಲೂರಿ ರೋಗಿಗಳಿಗೆ ಸಲೈನ್ ಹಾಕುತ್ತಿದ್ದರು. ಕೆಲವೇ ದಿನಗಳಲ್ಲಿ ಸಲೈನ್ ಮುಗಿಯುವ ಹಂತಕ್ಕೆ ಬಂತು.

ಆಗ ಅವರು ಯಾರ ಅಪ್ಪಣೆಗೂ ಕಾಯದೆ ಒಂದು ತೀರ್ಮಾನಕ್ಕೆ ಬಂದರು. ಕಲಕತ್ತೆಯ ತಮ್ಮ ಸಂಸ್ಥೆಯಲ್ಲಿ ಗ್ಲೂಕೋಸ್, ಅಡುಗೆ ಉಪ್ಪು, ಸೋಡಾವನ್ನು ತೂಗಿ ಪಾಲಿಥೀನ್ ಚೀಲಗಳಿಗೆ ತುಂಬಿಸಿ, ಕಾದ ಇಸ್ತ್ರಿಪೆಟ್ಟಿಗೆ ಒತ್ತಿ ಬಾಯಿ ಮುಚ್ಚಿಸಿದರು. ಶಿಬಿರದಲ್ಲಿ ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಅದನ್ನು ಕರಗಿಸಿಟ್ಟರು. ರೋಗಿಗಳ ಅಮ್ಮ, ಅಕ್ಕ, ಗಂಡ, ಮಗ ಲೋಟ ಹಿಡಿದು ಬಂದು ತುಂಬಿಸಿಕೊಂಡು ಹೋಗಿ ಕುಡಿಸತೊಡಗಿದರು. ಸೂಜಿಯಲ್ಲಿ ಏರಿಸುವುದೇ ನಿಜವಾದ ಮದ್ದೆಂದು ಜನ ನಂಬಿದ್ದರಿಂದ ಇದಕ್ಕೂ ಸಲೈನ್ ಎಂದೇ ಹೆಸರಿಟ್ಟರು, ಕುಡಿಯುವ ಸಲೈನ್. ಎರಡೇ ತಿಂಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳು ಬಂದುಹೋದರು. ಮೊದಲು ನೂರಕ್ಕೆ ಮೂವತ್ತರವರೆಗೂ ಇದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಮಹಾಲನಬೀಸರು 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ. ಬದುಕಿದ್ದಾಗಲೇ ಅವರ ಕೈಗೆ ಅದನ್ನು ಕೊಡಬೇಕಿತ್ತೆಂಬ ನೋವು ನನಗಿದೆ.

ಇಷ್ಟಾದರೂ ಆ ಮದ್ದು ಇನ್ನೂ ಪೊಟ್ಟಣದೊಳಗೇ ಇತ್ತು. ಪೊಟ್ಟಣವನ್ನು ತಯಾರಿಸಬೇಕು, ಸಾಗಿಸಬೇಕು, ಹಂಚಬೇಕು. ಯುದ್ಧ ಮುಗಿಸಿ, 1974ರ ನೆರೆಯ ಬೆನ್ನಿಗೆ ಬಂದ ಕ್ಷಾಮವನ್ನೂ ಉಂಡ ಬಡ ಸರ್ಕಾರಕ್ಕೆ ಅದೆಲ್ಲಿ ಸಾಧ್ಯ? ಕೋಟಿಗಟ್ಟಲೆ ಅಡುಗೆಮನೆಗಳಿಗೆ ಅದನ್ನು ತಲುಪಿಸಿದ ಕಥೆಗೆ ಇನ್ನೊಬ್ಬರ ಹೆಸರು ಬೇಕು.

ಫಜ್ಲೆ ಹಸನ್ ಅಬೇದ್ 1970ರಲ್ಲಿ ಚಿತ್ತಗಾಂಗಿನ ಶೆಲ್ ಎಣ್ಣೆ ಕಂಪನಿಯಲ್ಲಿ ದೊಡ್ಡ ಅಧಿಕಾರಿ, ವಯಸ್ಸು ಮೂವತ್ತನಾಲ್ಕು. ಚಂಡಮಾರುತದ ಮೇಲೆ ಗೆಳೆಯರನ್ನು ಕೂಡಿಕೊಂಡು ಮನ್‌ಪುರಾ ದ್ವೀಪಕ್ಕೆ ಅಕ್ಕಿ, ಬಟ್ಟೆ ಹೊತ್ತು ಹೋದರು. ಅಲ್ಲಿ ಹೆಣಗಳ ನಡುವೆ ನಡೆದಾಡಿದವರು ಹಳೆಯ ಬದುಕಿಗೆ ಮರಳಲಿಲ್ಲ. ಯುದ್ಧ ಮುಗಿದಾಗ ಲಂಡನ್ನಿನಲ್ಲಿದ್ದ ತಮ್ಮ ಮನೆಯನ್ನು ಮಾರಿ, ಆ ಹಣದೊಡನೆ 1972ರಲ್ಲಿ ಸಿಲ್ಹೆಟ್ ಸೀಮೆಯ ಸುಲ್ಲಾ ಎಂಬ ಜವುಗು ನಾಡಿಗೆ ಬಂದರು. ಅರ್ಧ ವರ್ಷ ನೀರಿನಡಿ ಇರುವ ಆ ಊರುಗಳಲ್ಲಿ ಹುಟ್ಟಿದ ಸಂಸ್ಥೆಯ ಹೆಸರು ಬ್ರ್ಯಾಕ್. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷವಾಗಿತ್ತು. ಮಕ್ಕಳಿಗಾಗಿ ಏನು ಮಾಡುವುದೆಂದು ಅಬೇದ್ ಯೋಚಿಸಿದಾಗ ಉತ್ತರ ಭೇದಿಯ ಬಳಿಯೇ ಸಿಕ್ಕಿತು. ಮದ್ದನ್ನು ಪೊಟ್ಟಣದಿಂದ ಹೊರತೆಗೆದು ತಾಯಿಯ ಬೆರಳಿಗೆ ಒಪ್ಪಿಸಬೇಕು.

ಎಷ್ಟೋ ತಜ್ಞರು ಹೆದರಿದರು. ಹೆದರಿಕೆಗೆ ಆಧಾರವೂ ಇತ್ತು. ಉಪ್ಪು ಹೆಚ್ಚಾದರೆ ಮಗುವಿಗೆ ಪ್ರಾಣಾಪಾಯ, ಕಡಿಮೆಯಾದರೆ ಗುಣವಿಲ್ಲ. ಓದು ಬಾರದ ತಾಯಿ ಹೇಗೆ ತೂಗಿಯಾಳು? ಅದಕ್ಕೆಂದೇ ಸುಲ್ಲಾದಲ್ಲಿ ತಿಂಗಳುಗಟ್ಟಲೆ ಕೈಯ ಅಳತೆಗಳನ್ನು ಪರೀಕ್ಷಿಸಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಕೂಡಿಸಿ ಮೊದಲ ಗೆಣ್ಣಿನವರೆಗೆ ಹಿಡಿದ ಒಂದು ಚಿಟಿಕೆ ಉಪ್ಪು. ಅಂಗೈಯಲ್ಲಿ ಎತ್ತಿದ ಒಂದು ಹಿಡಿ ಬೆಲ್ಲ. ಅರ್ಧ ಸೇರು ನೀರು. ಬೇರೆ ಬೇರೆ ಹೆಂಗಸರು ಕಲಸಿದ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ನೋಡಿದಾಗ ಹೆಂಗಸರ ಬೆರಳು ತಕ್ಕಡಿಗೆ ಹತ್ತಿರದಲ್ಲೇ ಇತ್ತು. ಬೆಲ್ಲಕ್ಕೆ ಬಿಳಿಸಕ್ಕರೆಗಿಲ್ಲದ ಒಂದು ಗುಣವೂ ಇತ್ತು. ಭೇದಿಯಲ್ಲಿ ಮೈಯಿಂದ ಹೊರಟುಹೋಗುವ ಪೊಟ್ಯಾಸಿಯಂ ಅದರಲ್ಲಿದೆ. ಅಡುಗೆಮನೆಯಲ್ಲಿ ಉಪ್ಪು ಹಾಕುವ ಕೈ ಅಳತೆ ತಪ್ಪುವುದಿಲ್ಲವೆಂಬುದನ್ನು ನಮ್ಮ ಅಜ್ಜಿಯರೂ ಒಪ್ಪಿಯಾರು.

1980ರಲ್ಲಿ ಅಭಿಯಾನ ಹೊರಟಿತು. ಊರೊಂದರಲ್ಲಿ ಬಿಡಾರ ಹೂಡುವುದು, ಹತ್ತಾರು ಕಾರ್ಯಕರ್ತೆಯರು ಬೆಳಿಗ್ಗೆ ಎದ್ದು ನಾಲ್ಕೂ ದಿಕ್ಕಿಗೆ ನಡೆದು ಹೋಗುವುದು, ಆ ಸೀಮೆ ಮುಗಿದರೆ ಹಾಸಿಗೆ ಸುತ್ತಿಕೊಂಡು ಮುಂದಿನ ಊರಿಗೆ. ಒಬ್ಬೊಬ್ಬರಿಗೂ ದಿನಕ್ಕೆ ಸುಮಾರು ಹತ್ತು ಮನೆ. ಹೆಂಗಸರು ಅಂಗಳ ದಾಟದ, ಪರದೆ ಪಾಲಿಸುವ ನಾಡದು. ಅಲ್ಲಿ ಹೆಂಗಸೊಬ್ಬಳು ಕೈಚೀಲ ನೇತುಹಾಕಿಕೊಂಡು ಗದ್ದೆಯ ಬದುವಿನ ಮೇಲೆ ಒಬ್ಬಳೇ ನಡೆದುಬರುವುದನ್ನು ಜನ ನಿಂತು ನೋಡುತ್ತಿದ್ದರು, ಕೆಲವರು ಬಾಯಿಗೆ ಬಂದದ್ದು ಆಡುತ್ತಿದ್ದರು. ಆದರೆ ಪರದೆಯ ಆಚೆಗೆ ಹೋಗಿ ಸೊಸೆಯಂದಿರ ಪಕ್ಕದಲ್ಲಿ ಕೂರಲು ಹೆಂಗಸಿಗಲ್ಲದೆ ಇನ್ನಾರಿಗೆ ಸಾಧ್ಯ?

ಅಂಗಳದಲ್ಲಿ ಚಾಪೆ ಹಾಸುತ್ತಿದ್ದರು. ಕಾರ್ಯಕರ್ತೆ ಮನೆಯದೇ ಒಂದು ಪಾತ್ರೆ ತರಿಸಿ, ತನ್ನ ಅಳತೆಪಾತ್ರೆಯಿಂದ ಅದಕ್ಕೆ ಅರ್ಧ ಸೇರು ನೀರು ಸುರಿದು, ನೀರು ನಿಂತ ಮಟ್ಟಕ್ಕೆ ಗೆರೆ ಎಳೆಯುತ್ತಿದ್ದಳು. ಅಲ್ಲಿಂದ ಮುಂದೆ ಆ ಮನೆಗೆ ಅದೇ ಅಳತೆ. ಬಳಿಕ ತಾನೊಮ್ಮೆ ಕಲಸಿ ತೋರಿಸಿ, ತಾಯಿಯ ಕೈಯಲ್ಲಿ ಕಲಸಿಸುತ್ತಿದ್ದಳು. ರುಚಿ ನೋಡು, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡು ಎಂದು ತಿಳಿಯುವಂತೆ ಹೇಳುತ್ತಿದ್ದಳು. ಒಂದೊಂದು ಸಲ ಭೇದಿಯಾದಾಗಲೂ ಎಷ್ಟು ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು, ಅನ್ನ ನಿಲ್ಲಿಸಬಾರದು ಎಂಬ ಹತ್ತು ಮಾತುಗಳನ್ನು ಬಾಯಿಪಾಠ ಮಾಡಿಸಿ ಏಳುತ್ತಿದ್ದಳು. ಅನ್ನದ ಮಾತು ತುಂಬ ದೊಡ್ಡದು. ಲಂಘನಂ ಪರಮೌಷಧಂ ಎಂದು ನಮ್ಮಲ್ಲಿ ಹೇಳುವಂತೆ ಅಲ್ಲಿಯೂ ಭೇದಿಯಾದ ಮಗುವಿನ ಬಾಯಿ ಕಟ್ಟುತ್ತಿದ್ದರು. ಒಂದು ಭೇದಿಯಲ್ಲಿ ಇಳಿದ ತೂಕ ಮೇಲೇರುವ ಮೊದಲೇ ಮತ್ತೊಂದು ಭೇದಿ. ಬದುಕುಳಿದ ಮಕ್ಕಳೂ ಹೀಗೆ ವರ್ಷ ವರ್ಷ ಸೊರಗಿ ಗಿಡ್ಡವಾಗಿ ಉಳಿಯುತ್ತಿದ್ದರು.

ಸಂಬಳದ ರೀತಿ ಹೊಸದಾಗಿತ್ತು. ಎಷ್ಟು ಮನೆ ಸುತ್ತಿದೆ ಎಂಬುದಕ್ಕೆ ಹಣವಿಲ್ಲ. ಒಂದು ತಿಂಗಳ ಮೇಲೆ ಬೇರೆಯವರು ಬಂದು ಕೆಲವು ಮನೆಗಳನ್ನು ಗೊತ್ತುಗುರಿಯಿಲ್ಲದೆ ಆರಿಸಿ, ತಾಯಿಯಿಂದ ಕಲಸಿಸಿ, ಹತ್ತು ಮಾತುಗಳನ್ನು ಕೇಳಿ ಅಂಕ ಕೊಡುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಕಾರ್ಯಕರ್ತೆಗೆ ಅಷ್ಟೇ ಕೂಲಿ. ಕಲಿಸಿದ್ದು ತಲೆಯಲ್ಲಿ ಉಳಿಯುವಂತೆ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣುವುದಿಲ್ಲ.

ತಾಯಂದಿರು ಪರೀಕ್ಷೆಯಲ್ಲಿ ಗೆದ್ದರು. ಆದರೆ ಮಗುವಿಗೆ ಭೇದಿಯಾದಾಗ ಆ ನೀರನ್ನು ಕುಡಿಸುತ್ತಿರಲಿಲ್ಲ. ಮೊದಮೊದಲು ನೂರು ಸಲ ಭೇದಿಯಾದರೆ ಹತ್ತು ಸಲವೂ ಬಳಕೆಯಾಗಲಿಲ್ಲ. ಬ್ರ್ಯಾಕಿನವರು ಈ ಸೋಲನ್ನು ಮುಚ್ಚಿಡಲಿಲ್ಲ. ಕೂತು ವಿಚಾರಿಸಿದರು. ಮೊದಲ ಕಾರಣ ತಮ್ಮ ಬಿಡಾರದಲ್ಲೇ ಸಿಕ್ಕಿತು. ತಮಗೆ ಹೊಟ್ಟೆ ಕೆಟ್ಟಾಗ ಕಾರ್ಯಕರ್ತೆಯರೇ ಮಾತ್ರೆ ನುಂಗುತ್ತಿದ್ದರು! ಅವರಿಗೇ ನಂಬಿಕೆಯಿಲ್ಲದ ಮೇಲೆ ಕೇಳುವವರಿಗೆ ಎಲ್ಲಿಂದ ಬರಬೇಕು. ಬೆಲ್ಲದ ನೀರು ಕರುಳಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅವರಿಗೆ ಮೊದಲಿಂದ ತಿಳಿಹೇಳಿದರು. ಅಂದಿನಿಂದ ಕಾರ್ಯಕರ್ತೆ ಕಲಸಿದ ನೀರನ್ನು ತಾಯಂದಿರ ಎದುರಿಗೆ ತಾನೇ ಮೊದಲು ಕುಡಿಯತೊಡಗಿದಳು.

ಎರಡನೆಯ ಕಾರಣ ಮಾತಿನೊಳಗೆ ಅಡಗಿತ್ತು. ಭೇದಿಯಲ್ಲಿ ಹಳ್ಳಿಯ ಹೆಂಗಸರು ನಾಲ್ಕು ಬಗೆ ಎಣಿಸುತ್ತಿದ್ದರು. ಎದೆಹಾಲು ಕೆಟ್ಟು ಆಗುವ 'ದೂಧ್ ಹಾಗಾ' ಒಂದು. 'ಅಜೀರ್ಣ' ಇನ್ನೊಂದು, ನಮ್ಮದೇ ಮಾತು. ನಮ್ಮ ಆಮಶಂಕೆಯ ಒಡಹುಟ್ಟಾದ 'ಆಮಾಶಾ' ಮೂರನೆಯದು. ನೀರುನೀರಾಗಿ ಹರಿದು ಜೀವಕ್ಕೆ ಬರುವ ಕಾಲರಾದಂಥದ್ದಕ್ಕೆ ಮಾತ್ರ ಅವರು 'ಡಾಯರಿಯಾ' ಎನ್ನುತ್ತಿದ್ದರು. ಡಾಯರಿಯಾಕ್ಕೆ ಬೆಲ್ಲದ ನೀರು ಎಂದು ಕಾರ್ಯಕರ್ತೆ ಹೇಳಿದಾಗ, ಮಿಕ್ಕ ಮೂರಕ್ಕೆ ಅದು ಅಲ್ಲವೆಂದೇ ಅವರು ತಿಳಿದರು. ಇದು ತಿಳಿದ ಮೇಲೆ ಕಾರ್ಯಕರ್ತೆಯರು ನಾಲ್ಕನ್ನೂ ಹೆಸರು ಹಿಡಿದು ಹೇಳತೊಡಗಿದರು. ಮೂರನೆಯ ಕಾರಣ ಗಂಡಸರು. ತಮ್ಮನ್ನು ಬಿಟ್ಟು ಹೆಂಡಂದಿರಿಗೆ ಏನನ್ನೋ ಹೇಳಿಕೊಟ್ಟು ಹೋದರೆಂಬ ಮುನಿಸು ಅವರಿಗಿತ್ತು. ಅವರಿಗಾಗಿ ಸಂತೆಯಲ್ಲಿ, ಮಸೀದಿಯಲ್ಲಿ, ಶಾಲೆಯಲ್ಲಿ ಸಭೆ ಕೂಡಿಸಿದರು, ರೇಡಿಯೋದಲ್ಲಿ ಹಾಡಿಸಿದರು. ಬಳಕೆ ವರ್ಷದಿಂದ ವರ್ಷಕ್ಕೆ ಏರಿತು.

ಹತ್ತು ವರ್ಷ ಕಾರ್ಯಕರ್ತೆಯರು ಹೀಗೆ ನಡೆದರು. ನಡುವೆ 1988ರ ನೆರೆ ಬಂದು ನಾಡಿನ ಅರ್ಧಕ್ಕೂ ಹೆಚ್ಚು ಭಾಗವನ್ನು ಮುಳುಗಿಸಿತು. ಆದರೂ ನಡಿಗೆ ನಿಲ್ಲಲಿಲ್ಲ. 1990ರಲ್ಲಿ ಕೆಲಸ ಮುಗಿದಾಗ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳ ಅಂಗಳದಲ್ಲಿ ಅವರು ಕೂತೆದ್ದಿದ್ದರು. ಅವರ ಹೆಸರುಗಳನ್ನು ಯಾವ ಚರಿತ್ರೆಯ ಪುಸ್ತಕವೂ ಒಂದೊಂದಾಗಿ ಬರೆದಿಟ್ಟಿಲ್ಲ.

ಮಕ್ಕಳ ಪಾಲಿಗೆ ಒದಗಿದ್ದು ಇದೊಂದೇ ಎಂದು ಹೇಳಿದರೆ ತಪ್ಪಾದೀತು. ಅದೇ ದಶಕದಲ್ಲಿ ಲಸಿಕೆ ಹಳ್ಳಿಗಳನ್ನು ಮುಟ್ಟಿತು. ಇರುಳುಗುರುಡು ತಡೆಯಲು 1973ರಿಂದಲೇ ಸರ್ಕಾರ ಆರು ತಿಂಗಳಿಗೊಮ್ಮೆ ಎ ಜೀವಸತ್ತ್ವದ ಗುಳಿಗೆ ಹಂಚುತ್ತಿತ್ತು. ಆ ಗುಳಿಗೆಯ ಬೆಲೆ ಕಣ್ಣಿಗಿಂತ ದೊಡ್ಡದೆಂದು ಮುಂದೆ ಲೋಕಕ್ಕೆ ತೋರಿಸಿದವರು ಆಲ್ಫ್ರೆಡ್ ಸಾಮರ್, ಭೋಲಾದ ದ್ವೀಪಗಳಲ್ಲಿ ಸತ್ತ ಮಕ್ಕಳನ್ನು ಎಣಿಸಿದ ಅದೇ ವೈದ್ಯರು. ಇಂಡೋನೇಷ್ಯಾದಲ್ಲಿ ನಡೆಸಿದ ಅಧ್ಯಯನದಲ್ಲಿ ಆ ಗುಳಿಗೆ ಪಡೆದ ಮಕ್ಕಳ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದದ್ದನ್ನು ಅವರು 1986ರಲ್ಲಿ ಪ್ರಕಟಿಸಿದರು. ಬಾಂಗ್ಲಾದೇಶದಲ್ಲಿ 80ರ ದಶಕದ ಆರಂಭಕ್ಕೆ ಶಾಲೆ ಮುಟ್ಟದ ನೂರು ಮಕ್ಕಳಲ್ಲಿ ಸುಮಾರು ನಾಲ್ವರಿಗಿದ್ದ ಇರುಳುಗುರುಡು, ಶತಮಾನ ಮುಗಿಯುವಷ್ಟರಲ್ಲಿ ಒಬ್ಬರಿಗಿಂತ ಕಡಿಮೆಯಾಯಿತು. ನೀರು ನಿಂತ ಅಂಗಳದಂಚಿನಲ್ಲಿ ದಿಬ್ಬ ಕಟ್ಟಿ ಕುಂಬಳ, ಹರಿವೆ, ಬಸಳೆ ಬೆಳೆಸುವುದನ್ನೂ ಹೆಂಗಸರು ಕಲಿತರು. 1990ರಲ್ಲಿ ಸಾವಿರ ಮಕ್ಕಳಲ್ಲಿ 140ಕ್ಕೂ ಹೆಚ್ಚು ಮಕ್ಕಳು ಐದು ವರ್ಷ ತುಂಬುವ ಮುನ್ನ ಸಾಯುತ್ತಿದ್ದರೆ, 2015ರ ಹೊತ್ತಿಗೆ ಆ ಸಂಖ್ಯೆ 40ಕ್ಕಿಂತ ಕೆಳಗಿತ್ತು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು 2004ರಲ್ಲಿ ನೂರಕ್ಕೆ 51 ಇದ್ದವರು 2022ಕ್ಕೆ 24ಕ್ಕೆ ಇಳಿದರು. 24 ಎಂಬುದೂ ಸಣ್ಣ ಸಂಖ್ಯೆಯಲ್ಲ. ಕಡಲು ಮೇಲೇರುತ್ತಿದೆ, ಕರಾವಳಿಯ ಬಾವಿ ಕೆರೆಗಳಿಗೆ ಉಪ್ಪು ಇಳಿಯುತ್ತಿದೆ. ಚಿಟಿಕೆಯ ಉಪ್ಪಿಗೆ ಅಳತೆಯಿಟ್ಟ ಅಡುಗೆಮನೆಗಳಿಗೆ ಈಗ ನೀರಿನಲ್ಲೇ ಉಪ್ಪು ಬಂದಿದೆ.

ಅಭಿಯಾನ ಮುಗಿದು ಕೆಲವು ವರ್ಷಗಳಾದ ಮೇಲೆ ಸಂಶೋಧಕರು ಹಳ್ಳಿಗಳಿಗೆ ಮರಳಿ ಹೋದರು. ಸಾವಿರಾರು ತಾಯಂದಿರನ್ನು ಕಂಡು, ಬೆಲ್ಲದ ನೀರು ಕಲಸಿ ತೋರಿಸಿರೆಂದು ಕೇಳಿದರು. ಕಲಸಿದ್ದನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿಯ ನೀರು ಮಗುವಿಗೆ ಕುಡಿಸಲು ಸರಿಯಾಗಿಯೇ ಇತ್ತು. ಆ ತಾಯಂದಿರಲ್ಲಿ ಎಷ್ಟೋ ಮಂದಿ, ಕಾರ್ಯಕರ್ತೆ ಊರಿಗೆ ಬಂದ ಕಾಲದಲ್ಲಿ ಇನ್ನೂ ಮದುವೆಯಾಗದ ಹುಡುಗಿಯರು. ಅವರನ್ನು ಎದುರಿಗೆ ಕೂರಿಸಿಕೊಂಡು ಯಾರೂ ಕಲಿಸಿರಲಿಲ್ಲ. ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಎತ್ತಿಕೊಂಡು, ಅಮ್ಮ ಮೂರು ಬೆರಳು ಕೂಡಿಸಿ ಉಪ್ಪು ಹಿಡಿಯುವುದನ್ನು ಅವರು ಬಾಗಿಲ ಮರೆಯಲ್ಲಿ ನಿಂತು ನೋಡಿದ್ದರು.